ಮಕ್ಕಳ ಕರುಳಿನ ಉರಿಯೂತ: ಚಿಕಿತ್ಸೆ ಬೆಳೆದು ಬಂದ ದಾರಿ

1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಇಬ್ಬರು ಸಹೋದ್ಯೋಗಿಗಳ ಜತೆ 14 ರೋಗಿಗಳ ವಿವರ ಪ್ರಕಟಿಸಿದರು. ಸಣ್ಣ ಕರುಳಿನ ಕೊನೆಯ ಭಾಗ ಬಾತು, ಹುಣ್ಣಾಗಿ, ಹಾದಿಯೇ ಕಿರಿದಾಗುವ ಆ ಕಾಯಿಲೆಗೆ ಮುಂದೆ ಕ್ರೋನ್ ಹೆಸರೇ ಉಳಿಯಿತು. ದೊಡ್ಡ ಕರುಳಿನಲ್ಲಿ ಹುಣ್ಣೆದ್ದು ರಕ್ತ ಹೋಗುವ ಅಲ್ಸರೇಟಿವ್ ಕೊಲೈಟಿಸ್ ಅದಕ್ಕೂ ಮೊದಲೇ ಗೊತ್ತಿತ್ತು. ಎರಡನ್ನೂ ಸೇರಿಸಿ ಈಗ ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ, ಎನ್ನುತ್ತಾರೆ. ಬಹುಕಾಲ ಇವು ದೊಡ್ಡವರ ಕಾಯಿಲೆಗಳೆಂದೇ ಎಣಿಕೆ. ಮಕ್ಕಳಲ್ಲಿ ಕಂಡರೆ ದೊಡ್ಡವರ ಮದ್ದನ್ನೇ ತೂಕಕ್ಕೆ ತಕ್ಕಷ್ಟು ಇಳಿಸಿ ಕೊಡುತ್ತಿದ್ದರು.

ಆದರೆ ಮಕ್ಕಳು ಬೆಳೆಯಬೇಕಲ್ಲ. ಕ್ರೋನ್ ಇರುವ ಮಗುವಿಗೆ ಭೇದಿಯೇ ಆಗದಿರಬಹುದು. ಆಗಾಗ ಹೊಟ್ಟೆನೋವು, ಊಟ ಸೇರದು, ಎರಡು ವರ್ಷದ ಹಿಂದಿನ ಯೂನಿಫಾರ್ಮ್ ಈಗಲೂ ಸರಿಹೋಗುತ್ತದೆ, ತಮ್ಮನೇ ಅಣ್ಣನಿಗಿಂತ ಎತ್ತರವಾಗಿದ್ದಾನೆ. ಮದ್ದಿನ ವಿಷಯಕ್ಕೆ ಬಂದರೆ, 1955ರಲ್ಲಿ ಆಕ್ಸ್‌ಫರ್ಡ್‌ನ ಟ್ರೂಲವ್ ಮತ್ತು ವಿಟ್ಸ್ ಕೊಲೈಟಿಸ್‌ಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಗುಣ ಕೊಡುತ್ತದೆಂದು ತೋರಿಸಿದರು. ಸ್ಟೀರಾಯ್ಡ್‌ನಿಂದ ರಕ್ತ, ನೋವು ತಗ್ಗುತ್ತಿದ್ದುದು ನಿಜ. ಜತೆಗೆ ಮುಖ ಊದುತ್ತಿತ್ತು, ಮೂಳೆ ಸವೆಯುತ್ತಿತ್ತು, ಕಾಯಿಲೆಯಿಂದ ಮೊದಲೇ ಕುಂಟುತ್ತಿದ್ದ ಬೆಳವಣಿಗೆ ಇನ್ನಷ್ಟು ಕುಂಠಿತವಾಗುತ್ತಿತ್ತು.

ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಆಹಾರದಿಂದ ಬಂದದ್ದು. 1987ರಲ್ಲಿ ಲಂಡನ್ನಿನ ಜಾನ್ ವಾಕರ್-ಸ್ಮಿತ್ ಅವರ ತಂಡ ಕ್ರೋನ್ ಇದ್ದ ಕೆಲವು ಮಕ್ಕಳಿಗೆ ಸ್ಟೀರಾಯ್ಡ್, ಕೆಲವರಿಗೆ ಬರೀ ದ್ರವಾಹಾರ ಕೊಟ್ಟು ನೋಡಿತು. ಕಾಯಿಲೆ ಎರಡರಲ್ಲೂ ತಗ್ಗಿತು. ದ್ರವಾಹಾರದ ಮಕ್ಕಳು ಹೆಚ್ಚು ಎತ್ತರ ಬೆಳೆದರು. ಈಗ ಯುರೋಪಿನ ಮಾರ್ಗಸೂಚಿಗಳಲ್ಲೂ ಮಕ್ಕಳ ಕ್ರೋನ್‌ಗೆ ದ್ರವಾಹಾರಕ್ಕೆ ಮೊದಲ ಸಾಲಿನ ಸ್ಥಾನವಿದೆ. ಕೊಲೈಟಿಸ್‌ಗೆ ಮಾತ್ರ ಇದು ನಾಟುವುದಿಲ್ಲ. ಈ ಚಿಕಿತ್ಸೆ ನಡೆಯುವ ಆರರಿಂದ ಎಂಟು ವಾರ ಅನ್ನವಿಲ್ಲ, ರೊಟ್ಟಿಯಿಲ್ಲ, ಹಬ್ಬದ ಹೋಳಿಗೆಯೂ ಇಲ್ಲ. ಕುಡಿಯಲು ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಮಗು ಮಲಗಿರುವಾಗ ರಾತ್ರಿಯಿಡೀ ಹನಿಸುತ್ತಾರೆ. ಮನೆಮಂದಿ ಉಣ್ಣುವ ಹೊತ್ತಿಗೆ ಮಗುವನ್ನು ಹೇಗೆ ಸಂಭಾಳಿಸಬೇಕೆಂದು ತಾಯಿಗೆ ಹೇಳಿಕೊಡುವುದೂ ಮಗುವಿನ ವೈದ್ಯರ ಪಾಲಿಗೆ ಬರುತ್ತದೆ.

ಮದ್ದಿನಲ್ಲೂ ಹೊಸದು ಬಂತು: ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಕ್ಕೆ ಅಮೆರಿಕದಲ್ಲಿ ದೊಡ್ಡವರ ಕ್ರೋನ್‌ಗೆ 1998ರಲ್ಲೇ ಅನುಮತಿ ಸಿಕ್ಕಿತ್ತು. ಮಕ್ಕಳ ಕ್ರೋನ್‌ಗೆ ಸಿಕ್ಕಿದ್ದು 112 ಮಕ್ಕಳ ಅಧ್ಯಯನದ ಬಳಿಕ, 2006ರಲ್ಲಿ. ಹತ್ತು ವರ್ಷದ ಮಗುವಿನ ಬೆಳೆಯುವ ಕಾಲವೆಲ್ಲ ಆ ಎಂಟು ವರ್ಷಗಳಲ್ಲಿ ಮುಗಿದುಹೋಗಿರುತ್ತದೆ. 2009ರಲ್ಲಿ ಇನ್ನೊಂದು ಬಾಗಿಲು ತೆರೆಯಿತು: ಹಸುಗೂಸಿನಲ್ಲೇ ಉಗ್ರವಾಗಿ ಕಾಣಿಸಿಕೊಂಡ ಕೆಲವು ಪ್ರಕರಣಗಳ ಬೇರು ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10ರ ಗ್ರಾಹಕದ ಒಂದೇ ವಂಶವಾಹಿ ದೋಷದಲ್ಲಿತ್ತು. ಅಂಥ ಮಗುವಿಗೆ ಅಸ್ಥಿಮಜ್ಜೆ ಕಸಿ ಮಾಡಿದಾಗ ಕಾಯಿಲೆ ಹತೋಟಿಗೆ ಬಂತು.

ಐಬಿಡಿ ಪಶ್ಚಿಮದವರ ಕಾಯಿಲೆ ಎನ್ನುವಂತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಇದರ ಪ್ರಮಾಣ ಉಳಿದ ಮಕ್ಕಳಿಗಿಂತ ಹೆಚ್ಚಿತ್ತೆಂದು 2007ರಲ್ಲಿ ವರದಿಯಾಯಿತು. ಭಾರತದಲ್ಲಿ ತೊಡಕು ಬೇರೆ. ಕರುಳಿನ ಕ್ಷಯ ಮತ್ತು ಕ್ರೋನ್ ಎಂಡೋಸ್ಕೋಪಿಯಲ್ಲೂ ಬಯಾಪ್ಸಿಯಲ್ಲೂ ಒಂದೇ ತರ ಕಾಣಬಹುದು. ಹಾಗಾಗಿ ಎಷ್ಟೋ ಮಕ್ಕಳಿಗೆ ಮೊದಲು ಕ್ಷಯದ ಮಾತ್ರೆ ಶುರುವಾಗುತ್ತದೆ. ತಿಂಗಳುಗಳಾದರೂ ಹುಣ್ಣು ಮಾಯದಿದ್ದಾಗ ಕ್ರೋನ್ ಎಂಬ ತೀರ್ಮಾನ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಜೈವಿಕ ಔಷಧ ಮೈಯಲ್ಲಿ ಅಡಗಿದ ಕ್ಷಯವನ್ನು ಎಬ್ಬಿಸಬಲ್ಲದು, ಕ್ಷಯದ ಪರೀಕ್ಷೆ ಮಾಡದೆ ಕೊಡುವಂತಿಲ್ಲ. ಕಾಯುವ ಆ ತಿಂಗಳುಗಳಲ್ಲಿ ಪ್ರತಿ ಭೇಟಿಗೂ ತೂಕದ ಜತೆ ಎತ್ತರವನ್ನೂ ಅಳೆದು ಚೀಟಿಯಲ್ಲಿ ಬರೆಯಿರಿ ಎಂದು ವೈದ್ಯರನ್ನು ತಂದೆತಾಯಿ ಕೇಳಲೇಬೇಕು.