ಚಲನಚಿತ್ರ ಪ್ರಮಾಣೀಕರಣ (ಭಾರತ)

ಚಲನಚಿತ್ರವನ್ನು ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ಪರೀಕ್ಷಿಸಿ, ಅದು ಯಾವ ವಯಸ್ಸಿನ ಪ್ರೇಕ್ಷಕರಿಗೆ ತಕ್ಕದ್ದೆಂದು ನಿರ್ಧರಿಸುವ ಕಾನೂನುಬದ್ಧ ವ್ಯವಸ್ಥೆ. ಬಳಕೆಯ ಮಾತಿನಲ್ಲಿ ಇದಕ್ಕೆ ಇಂದಿಗೂ ‘ಸೆನ್ಸಾರ್’ ಎಂದೇ ಹೆಸರು.

ಹಿನ್ನೆಲೆ: 1918ರ ಕಾಯ್ದೆಯ ಮೇರೆಗೆ 1920ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು ಮತ್ತು ರಂಗೂನ್‌ಗಳಲ್ಲಿ ಸೆನ್ಸಾರ್ ಮಂಡಳಿಗಳು ಆರಂಭವಾದವು. ಈಗಿನ ವ್ಯವಸ್ಥೆಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯೇ ಆಧಾರ. 1983ರಲ್ಲಿ ಮಂಡಳಿಯ ಹೆಸರಿನಿಂದ ‘ಸೆನ್ಸಾರ್’ ಪದವನ್ನು ಕೈಬಿಟ್ಟು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಎಂದು ಕರೆಯಲಾಯಿತು. ಮುಂಬಯಿ ಇದರ ಕೇಂದ್ರಸ್ಥಾನ; ಬೆಂಗಳೂರೂ ಸೇರಿ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ.

ವರ್ಗಗಳು: ‘ಯು’ ಚಿತ್ರವನ್ನು ಎಲ್ಲರೂ ನೋಡಬಹುದು. ‘ಎ’ ಚಿತ್ರ 18 ತುಂಬಿದವರಿಗೆ ಮಾತ್ರ. ‘ಎಸ್’ ವೈದ್ಯರಂಥ ನಿರ್ದಿಷ್ಟ ವರ್ಗದವರಿಗೆ ಮೀಸಲು. ಮೊದಲು ಯು, ಎ ಎರಡೇ ಇದ್ದವು. 1983ರಲ್ಲಿ ‘ಎಸ್’ ಜೊತೆಗೆ ‘ಯುಎ’ ಸೇರಿತು. 12 ವರ್ಷದೊಳಗಿನ ಮಕ್ಕಳಿಗೆ ಚಿತ್ರ ತೋರಿಸಬೇಕೇ ಎಂಬುದನ್ನು ಹೆತ್ತವರು ಯೋಚಿಸಲಿ ಎಂಬುದು ಅದರ ಅರ್ಥವಾಗಿತ್ತು. ಆದರೆ ಏಳರ ಮಗುವಿಗೂ ಹದಿನೈದರ ಹುಡುಗನಿಗೂ ಒಂದೇ ಅಳತೆ ಹೊಂದುವುದಿಲ್ಲ. 2023ರ ತಿದ್ದುಪಡಿಯು ಈ ವರ್ಗವನ್ನು ಯುಎ 7+, 13+ ಮತ್ತು 16+ ಎಂದು ವಿಂಗಡಿಸಿತು.

ಪರೀಕ್ಷೆ: ನಿರ್ಮಾಪಕರು ಅರ್ಜಿ ಸಲ್ಲಿಸಿದ ಮೇಲೆ ಪರೀಕ್ಷಣಾ ಸಮಿತಿ ಚಿತ್ರವನ್ನು ನೋಡುತ್ತದೆ. ಪ್ರತಿ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಬರೆದು ಕೊಡುತ್ತಾರೆ. ಒಂದು ದೃಶ್ಯವನ್ನು ಬಿಡಿಯಾಗಿ ಹಿಡಿಯದೆ ಇಡೀ ಚಿತ್ರದ ಪರಿಣಾಮವನ್ನು ತೂಗಬೇಕೆಂಬುದು ಮಾರ್ಗಸೂಚಿಯ ತಿರುಳು. ಸಮಿತಿ ಕತ್ತರಿ ಸೂಚಿಸಬಹುದು. ಒಪ್ಪದ ನಿರ್ಮಾಪಕರು ಪುನರ್‌ಪರಿಶೀಲನಾ ಸಮಿತಿಗೆ ಹೋಗಬಹುದು. ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾದ ಬಳಿಕ ಮುಂದಿನ ಮೆಟ್ಟಿಲು ಹೈಕೋರ್ಟು.

ವಿವಾದಗಳು: ಕೆ. ಎ. ಅಬ್ಬಾಸ್ ಮೊಕದ್ದಮೆಯಲ್ಲಿ (1970) ಸುಪ್ರೀಂ ಕೋರ್ಟು ಪೂರ್ವಪರೀಕ್ಷೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಅದೇ ವರ್ಷದ ಕನ್ನಡ ಚಿತ್ರ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತ್ತು, ತಡೆ ತೆರವಾದ ನಂತರ ತೆರೆಕಂಡ ಆ ಚಿತ್ರಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಮಂಡಳಿಯ ತೀರ್ಪು ಚಿತ್ರದ ಯೋಗ್ಯತೆಯ ಅಳತೆಯಲ್ಲ ಎಂಬುದಕ್ಕೆ ಇದು ನಿದರ್ಶನ.

ಪಾಲನೆ: ಚಿತ್ರ ಶುರುವಾಗುವ ಮೊದಲು ಪರದೆಯ ಮೇಲೆ ಮೂಡುವ ಪ್ರಮಾಣಪತ್ರದಲ್ಲಿ ಚಿತ್ರದ ಹೆಸರು, ಭಾಷೆ, ಅವಧಿ ಮತ್ತು ವರ್ಗ ಇರುತ್ತವೆ. 2024ರವರೆಗೆ ಜಾರಿಯಲ್ಲಿದ್ದ 1983ರ ನಿಯಮಗಳಂತೆ, ಎಡಬದಿಯ ಕೆಳಮೂಲೆಯಲ್ಲಿ ತ್ರಿಕೋನವಿದ್ದರೆ ಆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದರ್ಥವಾಗಿತ್ತು. ‘ಎ’ ಚಿತ್ರಕ್ಕೆ ಅಪ್ರಾಪ್ತರನ್ನು ಒಳಬಿಡದಿರುವುದು ಚಿತ್ರಮಂದಿರದ ಹೊಣೆ. ಯುಎ ವಯೋಸೂಚನೆಗಳನ್ನು ಜಾರಿಗೆ ತರುವುದು ಮಾತ್ರ ಪೂರ್ತಿಯಾಗಿ ಹೆತ್ತವರಿಗೆ ಅಥವಾ ಪೋಷಕರಿಗೆ ಬಿಟ್ಟದ್ದು.