ಕಾರಣವಿಲ್ಲದ ಆಘಾತ: ಮಿದುಳಿನ ರಕ್ತಸ್ರಾವದ ಪರಿಕಲ್ಪನೆ ಬೆಳೆದ ಬಗೆ

ನಿಂತಿದ್ದ ಮನುಷ್ಯ ನಿಂತಲ್ಲೇ ಕುಸಿದು ಬೀಳುವ ಕಾಯಿಲೆಗೆ ಬಹುತೇಕ ಸಮಾಜಗಳು ಕೊಟ್ಟಿರುವ ಹೆಸರುಗಳಲ್ಲಿ ಒಂದು ಸಮಾನ ಅಂಶವಿದೆ. ಗ್ರೀಕರ 'ಅಪೊಪ್ಲೆಕ್ಸಿ', ಜರ್ಮನರ 'ಶ್ಲಾಗ್', ಇಂಗ್ಲಿಷರ 'ಸ್ಟ್ರೋಕ್' ಈ ಮೂರರ ಮೂಲಾರ್ಥವೂ ಹೊಡೆತವೇ. ಕನ್ನಡದ ಆಡುನುಡಿಯಲ್ಲಿಯೂ ಲಕ್ವ 'ಹೊಡೆಯುತ್ತದೆ', ಗಾಳಿ 'ಸೋಕುತ್ತದೆ'. ಆಯುರ್ವೇದವು ಪಕ್ಷಾಘಾತವನ್ನು ವಾತವ್ಯಾಧಿಗಳಲ್ಲಿ ಸೇರಿಸಿದೆ; 'ಪಾರ್ಶ್ವವಾಯು' ಎಂಬ ಪದದಲ್ಲಿಯೂ ವಾಯುವೇ ಕರ್ತೃ. ಹೊಡೆತವಿದ್ದಲ್ಲಿ ಹೊಡೆದವನೂ ಇರಬೇಕೆಂಬ ತರ್ಕ ಇಂಥ ಹೆಸರುಗಳಲ್ಲಿ ಅಡಗಿದೆ. ಹೊಡೆದವನು ಯಾರೆಂದು ತಿಳಿದರೆ ಪರಿಹಾರವೂ ತಿಳಿಯುತ್ತದೆ, ರೋಗಿಯ ಮುಂದಿನ ಗತಿಯೂ ತಿಳಿಯುತ್ತದೆ ಎಂಬುದು ಜನಪದರ ನಂಬಿಕೆ. ಪಾಶ್ಚಾತ್ಯ ವೈದ್ಯವೂ ಬಹುಕಾಲ ಇದೇ ತರ್ಕದ ಹಾದಿಯಲ್ಲಿ ನಡೆಯಿತು ಎಂಬುದು ಗಮನಾರ್ಹ.

ಈ ಹೊಡೆತವನ್ನು ದೇಹದ ಒಳಗೆ ಗುರುತಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸೆನ್ನಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಮೊದಲಿಗ. ಹೀಗೆ ಕುಸಿದು ಸತ್ತವರ ಶವಪರೀಕ್ಷೆ ನಡೆಸಿದ ಆತ, ಮಿದುಳಿನಲ್ಲಿ ರಕ್ತಸ್ರಾವವಾಗಿರುವುದನ್ನು 1658ರ ತನ್ನ ಗ್ರಂಥದಲ್ಲಿ ದಾಖಲಿಸಿದ. ಮುಂದೆ ಲಂಡನ್ನಿನ ವಿಲಿಯಂ ಗಲ್ 1859ರಲ್ಲಿ, ಮಿದುಳಿನ ರಕ್ತನಾಳದ ಗೋಡೆಯಲ್ಲಿ ಮೂಡುವ ಉಬ್ಬು, ಅಂದರೆ ಅನ್ಯೂರಿಸಮ್, ಒಡೆಯುವುದರ ಕಡೆಗೆ ವೈದ್ಯರ ಗಮನ ಸೆಳೆದ. ಆದರೆ ಈ ಅರಿವೆಲ್ಲ ದೊರೆತದ್ದು ಸತ್ತವರಿಂದ. 1891ರಲ್ಲಿ ಹೈನ್ರಿಕ್ ಕ್ವಿಂಕೆ ಬೆನ್ನುಹುರಿಯ ದ್ರವವನ್ನು ಸೂಜಿಯಿಂದ ತೆಗೆಯುವ ವಿಧಾನವನ್ನು ಪ್ರಕಟಿಸಿದ ಮೇಲೆ ಬದುಕಿರುವವರಲ್ಲಿಯೂ ಈ ರಕ್ತಸ್ರಾವವನ್ನು ಗುರುತಿಸುವುದು ಸಾಧ್ಯವಾಯಿತು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ರೂಪಿಸಿದ ಆಂಜಿಯೋಗ್ರಫಿಯಿಂದ ಮಿದುಳಿನ ರಕ್ತನಾಳಗಳೇ ಚಿತ್ರದಲ್ಲಿ ಕಾಣಿಸತೊಡಗಿದವು.

ಹೊಸ ಸಮಸ್ಯೆಯೊಂದು ಹುಟ್ಟಿದ್ದು ಈ ಘಟ್ಟದಲ್ಲಿಯೇ. ಮಿದುಳನ್ನು ಆವರಿಸಿದ ಪೊರೆಗಳ ನಡುವೆ ಪೆಟ್ಟಿಲ್ಲದೆ ತಾನಾಗಿ ರಕ್ತ ಹರಿದ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 85ರಲ್ಲಿ ಉಬ್ಬು ಒಡೆದಿರುತ್ತದೆ. ಉಳಿದವರಲ್ಲಿ ಅನೇಕರ ಚಿತ್ರದಲ್ಲಿ ಯಾವ ದೋಷವೂ ಕಾಣುವುದಿಲ್ಲ. ರಕ್ತ ಹರಿದದ್ದು ಸತ್ಯ. ಹರಿಸಿದ್ದು ಯಾವುದೆಂಬುದು ಮಾತ್ರ ಅಜ್ಞಾತ. ಇಂಥ ರೋಗಿಗಳಲ್ಲಿ ಉಬ್ಬು ಎಲ್ಲಿಯೋ ಮರೆಯಾಗಿದ್ದು ಮತ್ತೆ ಒಡೆಯಬಹುದೆಂಬ ಶಂಕೆ ಉಳಿಯುತ್ತಿತ್ತು. ಕಾಣದ ಕಾರಣದ ಜಾಗದಲ್ಲಿ ಊಹಿತ ಕಾರಣವನ್ನು ಕೂರಿಸುವ ಈ ಕ್ರಮಕ್ಕೂ, 'ಗಾಳಿ' ಎಂದು ಹೆಸರಿಡುವ ಕ್ರಮಕ್ಕೂ ರಚನೆಯ ದೃಷ್ಟಿಯಿಂದ ದೂರವೇನಿಲ್ಲ. ಆದರೆ ಗಾಳಿಗೆ ಶಾಂತಿ, ಮಂತ್ರಗಳ ಪರಿಹಾರವುಂಟು. ಕಾಣದ ಉಬ್ಬಿನ ಭಯಕ್ಕೆ ಅಂಥ ಯಾವ ಬಿಡುಗಡೆಯೂ ಇರಲಿಲ್ಲ.

1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಸ್ಕ್ಯಾನ್ ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಪ್ರಯೋಗವಾಯಿತು. ಅದು ರಕ್ತ ಚೆಲ್ಲಿದ ಜಾಗವನ್ನೇ ತೋರಿಸಬಲ್ಲದಾಗಿತ್ತು. ಇದನ್ನು ಬಳಸಿ ನೆದರ್ಲೆಂಡ್ಸಿನ ಯಾನ್ ವಾನ್ ಖೈನ್ ಮತ್ತು ಸಹಸಂಶೋಧಕರು 1985ರಲ್ಲಿ ಮಹತ್ವದ ವಿಷಯವೊಂದನ್ನು ಮಂಡಿಸಿದರು. ಕಾರಣ ಸಿಗದ ರೋಗಿಗಳಲ್ಲಿ ಒಂದು ಗುಂಪಿನವರ ರಕ್ತವು ನಡುಮಿದುಳಿನ ಸುತ್ತ ಮಾತ್ರ ನಿಂತಿತ್ತು. ಅವರೆಲ್ಲ ಚೆನ್ನಾಗಿ ಚೇತರಿಸಿಕೊಂಡಿದ್ದರು. 1991ರಲ್ಲಿ ಗೇಬ್ರಿಯಲ್ ರಿಂಕೆಲ್ ಮತ್ತು ಸಂಗಡಿಗರು ಆಂಜಿಯೋಗ್ರಫಿಯಲ್ಲಿ ದೋಷ ಕಾಣದ 113 ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ ಪ್ರಕಟಿಸಿದ ಫಲಿತಾಂಶ ಇದನ್ನು ಸ್ಥಿರಪಡಿಸಿತು. ನಡುಮಿದುಳಿನ ಸುತ್ತ ರಕ್ತವಿದ್ದ 77 ಮಂದಿಯಲ್ಲಿ ಒಬ್ಬರೂ ಆ ರಕ್ತಸ್ರಾವದಿಂದ ಸಾಯಲಿಲ್ಲ, ಅಂಗವಿಕಲರಾಗಲಿಲ್ಲ. ರಕ್ತದ ಹರಹು ಉಬ್ಬು ಒಡೆದವರಂತೆಯೇ ಇದ್ದ ಉಳಿದ 36 ಮಂದಿಯಲ್ಲಿ 9 ಮಂದಿ ಸತ್ತರು ಅಥವಾ ವೈಕಲ್ಯಕ್ಕೆ ಈಡಾದರು. ಆದ್ದರಿಂದಲೇ ಈ ಎರಡನೆಯ ಗುಂಪಿನವರಿಗೆ ಮರುಪರೀಕ್ಷೆ ಅಗತ್ಯವೆಂಬುದು ರೂಢಿಯಾಯಿತು.

'ಕಾರಣ ತಿಳಿಯದು' ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಗತಿಗಳಿದ್ದವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊದಲ ಗುಂಪಿನವರ ಆಯುಷ್ಯ ಇತರರಿಗಿಂತ ಕಡಿಮೆಯಲ್ಲವೆಂದು ನೆದರ್ಲೆಂಡ್ಸಿನ 2007ರ ಅಧ್ಯಯನ ತೋರಿಸಿತು. ಅವರಲ್ಲಿ ಕೆಲವರಿಗೆ ಆಯಾಸ, ತಲೆನೋವು, ಮರೆವು ಉಳಿಯುವುದುಂಟು. ಅಭಿಧಮನಿಯಿಂದ ರಕ್ತ ಒಸರಿರಬಹುದೆಂಬ ಊಹೆಯಿದ್ದರೂ ಅದು ಇನ್ನೂ ಸಿದ್ಧವಾಗಿಲ್ಲ.

ಕಾರಣವನ್ನು ತಿಳಿಯದೆ ಗತಿಯನ್ನು ಹೇಳಲಾಗದೆಂಬುದು ಜನಪದಕ್ಕೂ ವೈದ್ಯಕ್ಕೂ ಸಮಾನವಾಗಿದ್ದ ಗ್ರಹಿಕೆ. 1985ರ ನಂತರದ ಅಧ್ಯಯನಗಳು ಈ ಗಂಟನ್ನು ಬಿಡಿಸಿದವು. ರೋಗಿ ಮತ್ತು ಅವನ ಮನೆಯವರು ಕೇಳುವ ಪ್ರಶ್ನೆಗಳು ಎರಡು: 'ಯಾಕೆ ಹೀಗಾಯಿತು?', 'ಮುಂದೇನು?'. ಮೊದಲನೆಯದಕ್ಕೆ ಇಂದಿಗೂ ಖಚಿತ ಉತ್ತರವಿಲ್ಲ, ಎರಡನೆಯದಕ್ಕೆ ಉತ್ತರವುಂಟು. ಮೊದಲ ಪ್ರಶ್ನೆ ಖಾಲಿ ಉಳಿದಷ್ಟು ಕಾಲ ಅಲ್ಲಿ ದೃಷ್ಟಿ, ಶಾಪ, ಗಾಳಿಗಳ ಕಥನಗಳು ಸೇರಿಕೊಳ್ಳುವುದು ಸಹಜ. ಅವುಗಳನ್ನು ಅಜ್ಞಾನವೆಂದು ತಳ್ಳಿಹಾಕುವುದಕ್ಕಿಂತ, ಎರಡನೆಯ ಪ್ರಶ್ನೆಯ ಉತ್ತರವನ್ನು ರೋಗಿಗೆ ಅವನ ನುಡಿಯಲ್ಲಿ ತಲುಪಿಸುವುದು ಹೆಚ್ಚು ಫಲಪ್ರದವಾದ ಮಾರ್ಗ.