ಅರ್ಥ ಇಲ್ಲದ ಪದ, ಸ್ವಂತ ಹೆಸರಿನ ಆಲ್ಬಂ

1/4
‘ಗ್ಲಾಡಿಯೇಟರ್’ ನೋಡಿದ್ದೀರಲ್ಲ? 2000ನೇ ಇಸವಿಯ ಸಿನಿಮಾ. ಕೊನೇಲಿ ಮ್ಯಾಕ್ಸಿಮಸ್ ಗೋಧಿ ಹೊಲದ ನಡುವೆ ಮನೆ ಕಡೆ ನಡೆಯುವಾಗ ಒಂದು ಹೆಣ್ಣುದನಿ ಬರುತ್ತೆ. ಅದು ಯಾವ ಭಾಷೆ, ಹೇಳಿ ನೋಡೋಣ? ನಾನು ಲ್ಯಾಟಿನ್ ಅಂದಿದ್ದೆ. ನನ್ನ ಫ್ರೆಂಡ್ ಹೀಬ್ರೂ ಅಂತ ಒಂದು ಪ್ಲೇಟ್ ಗೋಬಿಗೆ ಬೆಟ್ ಕಟ್ಟಿದ್ದ. ಇಬ್ಬರೂ ಸೋತ್ವಿ. ಅದು ಯಾವ ಭಾಷೇನೂ ಅಲ್ಲ!

ಹಾಡಿದವರು ಆಸ್ಟ್ರೇಲಿಯಾದ ಲಿಸಾ ಜೆರಾರ್ಡ್. ಆದರೆ ಇವತ್ತಿನ ಕತೆ ಆ ಸಿನಿಮಾದ್ದಲ್ಲ. ಅದಕ್ಕೂ ಐದು ವರ್ಷ ಮೊದಲು, 1995ರ ಆಗಸ್ಟ್‌ನಲ್ಲಿ ಬಂದ ಅವರ ಮೊದಲ ಸೋಲೋ ಆಲ್ಬಂ ‘ದಿ ಮಿರರ್ ಪೂಲ್’ದು. ಹೆಸರಿನ ಅರ್ಥ, ಕನ್ನಡಿಯಂಥ ಕೊಳ.

2/4
ಲಿಸಾ ಹುಟ್ಟಿದ್ದು 1961ರಲ್ಲಿ, ಐರಿಷ್ ಮೂಲದ ಮನೆಯಲ್ಲಿ. ಬೆಳೆದದ್ದು ಮೆಲ್ಬರ್ನ್‌ನ ಪ್ರಾಹ್ರಾನ್ ಅನ್ನೋ ಏರಿಯಾದಲ್ಲಿ. ಅಕ್ಕಪಕ್ಕ ಗ್ರೀಕರು, ಟರ್ಕಿಯವರು, ಇಟಲಿಯವರು. ನಮ್ಮ ಶಿವಾಜಿನಗರದ ಗಲ್ಲಿ ನೆನಪು ಮಾಡಿಕೊಳ್ಳಿ: ಒಂದೊಂದು ಮನೆ ಕಿಟಕಿಯಿಂದ ಒಂದೊಂದು ಭಾಷೆಯ ಹಾಡು. ಅರ್ಥ ಆಗದಿದ್ದರೂ ಕಿವಿಗೆ ಬೀಳುತ್ತಲೇ ಇರುತ್ತೆ. ಲಿಸಾ ಚಿಕ್ಕಂದಿನಿಂದಲೇ ತಾನೇ ಕಟ್ಟಿಕೊಂಡ ಶಬ್ದಗಳಲ್ಲಿ ಹಾಡೋಕೆ ಶುರು ಮಾಡಿದ್ರು.

1981ರಲ್ಲಿ ಬ್ರೆಂಡನ್ ಪೆರಿ ಜೊತೆ ‘ಡೆಡ್ ಕ್ಯಾನ್ ಡಾನ್ಸ್’ ಬ್ಯಾಂಡ್. ಮರುವರ್ಷ ಲಂಡನ್. ಅಲ್ಲಿ ‘4ಎಡಿ’ ಅನ್ನೋ ಸಣ್ಣ ಕಂಪನಿ ಅವರ ಸಂಗೀತವನ್ನ ಹೊರತಂದಿತು. ಬ್ಯಾಂಡ್‌ನ ಎಷ್ಟೋ ಹಾಡಲ್ಲಿ ಕೇಳುವ ದೊಡ್ಡ ಆರ್ಕೆಸ್ಟ್ರಾ ನಿಜವಾದದ್ದಲ್ಲ. ಕೀಬೋರ್ಡ್, ಸ್ಯಾಂಪ್ಲರ್‌ನಿಂದ ಕಟ್ಟಿದ್ದು. ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಹತ್ತಾರು ವಾದಕರನ್ನ ಸ್ಟುಡಿಯೋಗೆ ಕರೆಸೋದು ಅಂದ್ರೆ ಗಂಟೆಗಂಟೆಗೂ ಖರ್ಚು.

90ರ ದಶಕಕ್ಕೆ ಬಂದರೆ ಪೆರಿ ಐರ್ಲೆಂಡ್‌ನಲ್ಲಿ, ಲಿಸಾ ಆಸ್ಟ್ರೇಲಿಯಾದಲ್ಲಿ. ಬ್ಯಾಂಡ್ ಒಡೆದಿರಲಿಲ್ಲ, 1996ರಲ್ಲೂ ಒಂದು ಆಲ್ಬಂ ಬಂತು. ಅಂದ್ರೆ ಇದು ಜಗಳ ಆಡಿ ಹೊರಬಂದವರ ಸೋಲೋ ಅಲ್ಲ. ತನ್ನ ದನಿ ಒಂದೇ ನಿಂತರೆ ಹೇಗಿರುತ್ತೆ ಅಂತ ನೋಡಿದ ಪ್ರಯತ್ನ.

3/4
ಈ ಸಲ ಆರ್ಕೆಸ್ಟ್ರಾ ನಿಜವಾದದ್ದೇ: ವಿಕ್ಟೋರಿಯನ್ ಫಿಲ್ಹಾರ್ಮೋನಿಕ್. ಒಟ್ಟು 16 ಟ್ರ್ಯಾಕ್. ಇರಾನಿನ ಸಾಂಪ್ರದಾಯಿಕ ಹಾಡೊಂದಿದೆ. ಹ್ಯಾಂಡೆಲ್‌ನ ‘ಲಾರ್ಗೋ’ ಇದೆ. ಅದು 1738ರ ‘ಸೆರ್ಸೆ’ ಒಪೆರಾದಿಂದ ಬಂದದ್ದು; ಅಲ್ಲಿ ಪರ್ಷಿಯಾದ ರಾಜ ಒಂದು ಮರದ ನೆರಳನ್ನ ಹೊಗಳಿ ಹಾಡ್ತಾನೆ. ರಾಜ ಮರಕ್ಕೆ ಹಾಡೋದು ಎಷ್ಟು ಚೆಂದ ಅಲ್ವಾ?

ಆದರೆ ಆಲ್ಬಂನ ಜೀವ ಇರೋದು ಅರ್ಥವಿಲ್ಲದ ಪದಗಳ ಹಾಡುಗಳಲ್ಲಿ. ‘ಸ್ಯಾನ್‌ವೀನ್’ ಕೇಳಿ. ನಿಧಾನವಾಗಿ ಏಳುವ ಸ್ವರಗಳ ಮೇಲೆ ಆ ತಗ್ಗಿದ, ದಪ್ಪ ದನಿ. ಒಂದು ಪದವೂ ಗೊತ್ತಾಗಲ್ಲ, ಆದರೂ ಯಾರನ್ನೋ ಕಳಕೊಂಡ ಹಾಗೆ ಆಗುತ್ತೆ.

‘ಪದ ಗೊತ್ತಾಗದೆ ಏನ್ ಕೇಳ್ತೀಯಾ’ ಅಂತ ನನ್ನನ್ನ ಕೇಳಿದವರಿಗೆ ಒಂದೇ ಪ್ರಶ್ನೆ: ತರಾನ ಕೇಳಿಲ್ವಾ? ತಿಲ್ಲಾನ? ಅಲ್ಲೂ ನಿಘಂಟಿನ ಅರ್ಥ ಹುಡುಕ್ತಾ ಕೂರಲ್ಲ ನಾವು. ವ್ಯತ್ಯಾಸ ಇಷ್ಟೇ. ತರಾನದ ‘ದಿರ್ ದಿರ್’ ತಲೆಮಾರುಗಳಿಂದ ಎಲ್ಲರದ್ದು. ಲಿಸಾ ಅವರ ಶಬ್ದಗಳು ಅವರೊಬ್ಬರದ್ದೇ. ಹಿಂದೆ ಗುರು ಇಲ್ಲ, ಘರಾಣೆ ಇಲ್ಲ. ಕೇಳುಗ ನಂಬಬೇಕು, ಅಷ್ಟೇ.

4/4
ನಂಬಿದವರಲ್ಲಿ ಒಬ್ಬರು ನಿರ್ದೇಶಕ ಮೈಕೆಲ್ ಮ್ಯಾನ್. 1995ರ ಡಿಸೆಂಬರ್‌ನಲ್ಲಿ ಬಂದ ಅವರ ‘ಹೀಟ್’ ಚಿತ್ರದಲ್ಲಿ ಈ ಆಲ್ಬಂನ ‘ಲಾ ಬಾ’, ‘ಗ್ಲೋರಾಡಿನ್’ ಎರಡೂ ಇವೆ. 1999ರ ‘ದಿ ಇನ್‌ಸೈಡರ್’ಗೆ ಪೀಟರ್ ಬೋರ್ಕ್ ಜೊತೆ ಸೇರಿ ಲಿಸಾ ಅವರದ್ದೇ ಸಂಗೀತ. ಆಮೇಲೆ ಹ್ಯಾನ್ಸ್ ಝಿಮ್ಮರ್ ಜೊತೆ ‘ಗ್ಲಾಡಿಯೇಟರ್’.

ಅದಕ್ಕೆ ಸಿಕ್ಕ ಗೋಲ್ಡನ್ ಗ್ಲೋಬ್‌ನಲ್ಲಿ ಇಬ್ಬರ ಹೆಸರೂ ಇತ್ತು. ಆಸ್ಕರ್ ನಾಮಿನೇಷನ್‌ನಲ್ಲಿ? ಝಿಮ್ಮರ್ ಹೆಸರು ಮಾತ್ರ.

ಇದನ್ನ ಓದಿದಾಗ ಹೊಟ್ಟೆ ಉರೀತು ನಂಗೆ. ಹೋದ ಸೆಮಿಸ್ಟರ್ ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಲೆಕ್ಕ ಪೂರ್ತಿ ನಾನೇ ಮಾಡಿದ್ದೆ. ಮೊದಲ ಸ್ಲೈಡ್‌ನಲ್ಲಿ ನನ್ನ ಹೆಸರೇ ಬಿಟ್ಟುಹೋಗಿತ್ತು. ನಾನೂ ಬಾಯಿ ಮುಚ್ಕೊಂಡು ಕೂತೆ. ಆಸ್ಕರ್ ಎಲ್ಲಿ, ನನ್ನ ಪಿಪಿಟಿ ಎಲ್ಲಿ, ಗೊತ್ತು. ಆದರೂ ನೋವಿನ ಜಾತಿ ಒಂದೇ.

ಅದಕ್ಕೇ ‘ದಿ ಮಿರರ್ ಪೂಲ್’ ನಂಗೆ ದೊಡ್ಡದು. ಹಾಡುವವರನ್ನ ‘ಹಿನ್ನೆಲೆ ದನಿ’ ಅಂತ ಮರೆಯೋದು ಸುಲಭ. ಈ ಆಲ್ಬಂ ಇರೋದ್ರಿಂದ ಆ ದನಿ ಯಾರದ್ದು, ಎಲ್ಲಿಂದ ಬಂತು ಅನ್ನೋದಕ್ಕೆ ಲೆಕ್ಕದ ಪುಸ್ತಕ ಇದ್ದ ಹಾಗಾಯ್ತು. ಮೊದಲ ಪುಟದಲ್ಲೇ ಒಂದೇ ಹೆಸರು.

ನೀವು ಮಾಡಿದ ಕೆಲಸ ಸಣ್ಣದಾದ್ರೂ ಹೆಸರು ಹಾಕಿ ಇಡ್ರಪ್ಪಾ.

ರಾತ್ರಿ ಲೈಟ್ ಆರಿಸಿ, ಇಯರ್‌ಫೋನ್ ಹಾಕಿ, ‘ಸ್ಯಾನ್‌ವೀನ್’ ಕೇಳಿ. ಏನು ಅರ್ಥ ಆಯ್ತು ಅಂತ ಕಾಮೆಂಟಲ್ಲಿ ಬರೀರಿ. ತಪ್ಪು ಉತ್ತರ ಇಲ್ಲವೇ ಇಲ್ಲ.

#ಆಲ್ಬಂಕತೆ #ಲಿಸಾಜೆರಾರ್ಡ್ #ಹಾಡಿನಇತಿಹಾಸ